ಹತ್ತು ಹಲ್ಲಿನ ಗಾಡಿ

ಮಾರ್ಚ್ 3, ಸೋಮವಾರ

ಕಾಗದ ಬರೆದು ರೂಢಿಯಾದ ಕೈ ನನ್ನದು. ಅಕ್ಕ ಇರುವ ತನಕ ವಾರಕ್ಕೊಂದು ಕಾಗದ ಅವಳಿಗೆ ಹೋಗುತ್ತಿತ್ತು. ಈಗ ಅವಳಿಲ್ಲ. ಆದರೂ ಸಂಜೆಯ ಚಹಾ ಮುಗಿಯುತ್ತಲೇ ಕೈ ತಾನಾಗಿ ಪೆನ್ನು ತಡಕುತ್ತದೆ. ಇರಲಿ, ನನಗೆ ನಾನೇ ಬರೆದುಕೊಳ್ಳುತ್ತೇನೆ. ಓದಿ ನಗುವವರು ಯಾರೂ ಇಲ್ಲವಲ್ಲ. ಮನೆಯಲ್ಲಿ ಇಬ್ಬರೂ ಚೆನ್ನಾಗಿದ್ದೇವೆ. ಹಿತ್ತಲಿನ ಜೇನುಪೆಟ್ಟಿಗೆಗಳೂ ಚೆನ್ನಾಗಿವೆ. ಚೆನ್ನಾಗಿಲ್ಲದ್ದು ಗಾಡಿಯೊಂದೇ.

ಆದದ್ದು ಇಷ್ಟು. ಹೋದ ವರ್ಷ ಹೂವಿನ ಕಾಲ ಮುಗಿದು ಬೆಟ್ಟದಿಂದ ಪೆಟ್ಟಿಗೆ ಇಳಿಸಿ ತರುವಾಗ ಪಿಕಪ್ಪಿನ ಹೊಟ್ಟೆ ಒಂದು ಕಲ್ಲಿಗೆ ಬಡಿಯಿತು. ದಾರಿಯ ನಟ್ಟನಡುವೆ ಕೂತಿದ್ದ ಕಲ್ಲು. ಇವರು ಇಳಿದು ಬಗ್ಗಿ ನೋಡಿ, "ಹುಲ್ಲು ಮುಚ್ಚಿತ್ತು, ಕಾಣಲಿಲ್ಲ. ಗಾಡಿಯೇ ತೀರ ಕುಳ್ಳ" ಅಂದರು. ಹುಲ್ಲು ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಚಳಿಗಾಲವೆಲ್ಲ ಅದೇ ಜಪ, ಗಾಡಿ ಎತ್ತರವಾಗಬೇಕು, ಗಾಡಿ ಎತ್ತರವಾಗಬೇಕು. ಕಳೆದ ವಾರ ಹೋಗಿ ನಾಲ್ಕಕ್ಕೆ ನಾಲ್ಕೂ ದೊಡ್ಡ ಟೈರು ಹಾಕಿಸಿಕೊಂಡು ಬಂದರು. ಅಪ್ಪನ ಬೂಟಿನಲ್ಲಿ ಕಾಲಿಟ್ಟ ಮಗುವಿನ ಹಾಗೆ ಅಂಗಳದಲ್ಲಿ ನಿಂತಿದೆ. ಗೋಡೆಯಾಚೆಯ ಮನೆಯಿಂದ ನಾದಿನಿ ಇಣುಕಿ ನೋಡಿ, "ಅಣ್ಣಾ, ಜೊತೆಗೆ ಏಣಿ ಕೊಟ್ಟಿದ್ದಾರಾ, ಅದನ್ನ ಬೇರೆ ತರಬೇಕಾ?" ಎಂದು ಕೇಳಿದಳು. ಇವರು ನಗಲಿಲ್ಲ.

ನಗುವ ಹಾಗೂ ಇರಲಿಲ್ಲ. ಇವತ್ತು ಸಂತೆ ಮಾಳದ ಹಿಂದಿನ ಸಣ್ಣ ಏರು ಹತ್ತಿಸಿ ನೋಡಿದರು. ಖಾಲಿ ಗಾಡಿ. ಅರ್ಧ ಏರುವಷ್ಟರಲ್ಲಿ ಎಂಜಿನ್ನು ಗಂಟಲೊತ್ತಿದ ಹಾಗೆ ನರಳಿ ನಿಂತುಹೋಯಿತು. ಕ್ಲಚ್ಚು ಸುಟ್ಟ ವಾಸನೆ. ಖಾಲಿಯಲ್ಲೇ ಹೀಗಾದರೆ ಪೆಟ್ಟಿಗೆ ಹೊತ್ತು ಬೆಟ್ಟ ಹತ್ತುವುದು ಹೇಗೆ? ಇಲ್ಲಿ ಕೆಳಗಿನ ಹೂವೆಲ್ಲ ಉದುರುತ್ತ ಬಂದಿದೆ. ಬೆಟ್ಟದ ಮೇಲಿನ ಬಯಲು ಅರಳುವುದು ವರ್ಷಕ್ಕೊಮ್ಮೆ, ಅದೂ ಮೂರು ವಾರ. ಅಷ್ಟರಲ್ಲಿ ಹುಳುಗಳನ್ನು ಅಲ್ಲಿಗೆ ಮುಟ್ಟಿಸದಿದ್ದರೆ ಈ ವರ್ಷ ಜೇನಿಲ್ಲ. ಜೇನು ಹಾಳಾಗಲಿ, ಹುಳುಗಳೇ ಹಸಿದು ಪೆಟ್ಟಿಗೆ ಬಿಟ್ಟು ಹೋಗುತ್ತವೆ.

ಮಾರ್ಚ್ 5, ಬುಧವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡು ಹೋದದ್ದು. ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ನೋಟದ ನಡುವೆ ಮಸುಕಾಗಿದೆಯಂತೆ, ಅಂಚು ಮಾತ್ರ ಚೆನ್ನಾಗಿದೆಯಂತೆ. ಸೂಜಿಮದ್ದಿನಿಂದ ಮುಂದಕ್ಕೆ ಹೋಗದ ಹಾಗೆ ತಡೆಯಬಹುದು, ಹೋದದ್ದು ಬರುವುದಿಲ್ಲ. "ಗಾಡಿ ಓಡಿಸೋದು ಬೇಡ" ಎಂದು ಮೆತ್ತಗೆ ಹೇಳಿದರು. ಇವರು ಕೇಳಿಸದವರ ಹಾಗೆ ಟೋಪಿ ಹುಡುಕುತ್ತಿದ್ದರು. ಟೋಪಿ ತೊಡೆಯ ಮೇಲೇ ಇತ್ತು.

ಹೊರಗೆ ಬಂದು ಬೀಗದ ಕೈ ನನ್ನ ಕೈಗಿಟ್ಟರು. "ಕಣ್ಣಿಗೆ ಅದೇನೋ ಹನಿ ಹಾಕಿದ್ದಾರೆ, ಬೆಳಕು ಚುಚ್ಚುತ್ತೆ. ಇವತ್ತೊಂದು ದಿನ ನೀನು ಓಡಿಸು."

ನನಗೇನು ಓಡಿಸಲು ಬಾರದೇ? ಮದುವೆಯಾದ ಹೊಸತರಲ್ಲಿ ಇವರೇ ಕಲಿಸಿದ್ದು. ನಾದಿನಿಯ ಪುಟ್ಟ ಕಾರನ್ನು ಅಂಗಡಿಗೆ ಓಡಿಸಿಕೊಂಡು ಹೋಗುತ್ತಿರುತ್ತೇನೆ. ಆದರೆ ಈ ಗಾಡಿ ಇವರದು. ಸೀಟನ್ನು ಮುಂದಕ್ಕೆಳೆದುಕೊಂಡು, ಕುತ್ತಿಗೆ ಚಾಚಿ, ಹೇಗೋ ಮನೆಗೆ ತಂದೆ. ಇಳಿದ ಮೇಲೆ ನೆನಪಿಟ್ಟು ಸೀಟನ್ನು ಇವರ ಜಾಗಕ್ಕೆ ಹಿಂದಕ್ಕೆ ಸರಿಸಿದೆ.

ಮಾರ್ಚ್ 8, ಶನಿವಾರ

ಗೇರಿನ ಹಲ್ಲು ಬಿಟ್ಟರೆ ಬೇರೆ ಕೆಲಸ ಮುಟ್ಟದ ಒಬ್ಬ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಹಲ್ಲು ಡಾಕ್ಟರು ಅನ್ನುತ್ತಾರೆ. ಅವರ ಬಾಯಲ್ಲೇ ಮುಂದಿನ ಎರಡು ಹಲ್ಲಿಲ್ಲ. ಇವರಿಗೆ ಹಳೆಯ ಸ್ನೇಹ. ಹನಿಯ ಕಾಟ ಇನ್ನೂ ಇದೆ ಎಂದು ಇವತ್ತೂ ನಾನೇ ಓಡಿಸಿದೆ.

ಹಲ್ಲು ಡಾಕ್ಟರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಟೈರು ಹಾಕೋ ಮೊದಲು ನನ್ನನ್ನ ಕೇಳಬಾರದಿತ್ತಾ?" ಅಂದರು.

"ಕೇಳಿದ್ರೆ ಬೇಡ ಅಂತಿದ್ದೆ" ಎಂದರು ಇವರು.

"ಬೇಡ ಅನ್ನೋಕೇ ಕೇಳಬೇಕಾಗಿದ್ದು."

ಆಮೇಲೆ ಬೆಂಚಿನ ಮೇಲಿದ್ದ ಒಂದು ಜೊತೆ ಚಕ್ರ ತೋರಿಸಿ ನನಗೆ ಬಿಡಿಸಿ ಹೇಳಿದರು. ಆಕ್ಸಲಿನ ನಡುವಿನ ಗುಂಡು ಡಬ್ಬಿಯೊಳಗೆ ಎರಡು ಹಲ್ಲುಚಕ್ರ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ತಟ್ಟೆಯಂಥ ದೊಡ್ಡದು ಕ್ರೌನು, ಮೊಗ್ಗಿನಂಥ ಚಿಕ್ಕದು ಪಿನಿಯನ್ನು. ನಮ್ಮ ಗಾಡಿಯ ದೊಡ್ಡದಕ್ಕೆ ನಲವತ್ತೊಂದು ಹಲ್ಲು, ಚಿಕ್ಕದಕ್ಕೆ ಹನ್ನೊಂದು. ಎಂಜಿನ್ನು ಚಿಕ್ಕದನ್ನು ತಿರುಗಿಸುತ್ತದೆ, ಚಿಕ್ಕದು ದೊಡ್ಡದನ್ನು, ದೊಡ್ಡದು ಟೈರನ್ನು.

"ಟೈರು ದೊಡ್ಡದಾದ್ರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತಮ್ಮ. ಎಂಜಿನ್ ಮಾತ್ರ ಹಳೇದೇ. ಗಿಡ್ಡ ಕಾಲಿನವರು ಉದ್ದ ಕಾಲಿನವರ ಜೊತೆ ಏರು ಹತ್ತಿದ ಹಾಗೆ. ಉಸಿರು ಕಟ್ಟುತ್ತೆ. ಚಿಕ್ಕದರ ಹಲ್ಲು ಕಡಿಮೆ ಮಾಡಿದ್ರೆ ಎಂಜಿನ್ ನಾಲ್ಕು ಸುತ್ತು ಜಾಸ್ತಿ ಸುತ್ತಿ ಟೈರನ್ನ ಹಗುರವಾಗಿ ತಿರುಗಿಸುತ್ತೆ."

"ಎಷ್ಟು ಕಡಿಮೆ?" ಎಂದು ಕೇಳಿದೆ.

"ಅದೇ ನೋಡಿ ಪ್ರಶ್ನೆ. ಹತ್ತೋ ಒಂಬತ್ತೋ. ಟೈರಿನ ಮೇಲೆ ಬರೆದಿರೋ ಅಳತೆ ಹಿಡಿದ್ರೆ ಲೆಕ್ಕ ಸರಿಯಾಗಿ ಎರಡರ ಮಧ್ಯೆ ಬಂದು ಕೂರುತ್ತೆ. ಕೂದಲೆಳೆಯಷ್ಟು ಒಂಬತ್ತರ ಕಡೆಗೆ."

"ಒಂಬತ್ತು ಹಾಕು" ಎಂದರು ಇವರು. "ಮೂರನೇ ಗೇರಲ್ಲೇ ಬೆಟ್ಟ ಹತ್ತಿಬಿಡಬೇಕು. ಗೇರು ಬದಲಾಯಿಸೋ ಗೊಡವೆ ಬೇಡ."

"ಹತ್ತಿಬಿಡುತ್ತೆ. ಆದ್ರೆ ಬಯಲು ರಸ್ತೇಲಿ ಕೂಗಿ ಕೂಗಿ ತಲೆ ತಿನ್ನುತ್ತೆ. ಒಂಬತ್ತರದ್ದು ಸಣ್ಣ ಜೀವ, ಒಂದೊಂದು ಹಲ್ಲಿನ ಮೇಲೂ ಭಾರ ಜಾಸ್ತಿ. ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ಒಂದೇ ಹಲ್ಲು ಹಾಕಬೇಕು ಬೇರೆ. ಒಂದು ಸಲ ಹಾಕಿದ್ರೆ ಹಾಕಿದ ಹಾಗೆ. ಅವಸರ ಬೇಡ, ಯೋಚನೆ ಮಾಡಿ."

ಹೊರಡುವಾಗ ಆ ಚಿಕ್ಕ ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಎಷ್ಟು ತೂಕ, ಎಷ್ಟು ನುಣುಪು. ಹಲ್ಲುಗಳೆಲ್ಲ ಗಾಳಿಗೆ ವಾಲಿದ ಹಾಗೆ ಒಂದೇ ಕಡೆ ಬಾಗಿವೆ.

ಮಾರ್ಚ್ 9, ಭಾನುವಾರ

ಕನಸಿನಲ್ಲಿ ಅಕ್ಕ ಬಂದಿದ್ದಳು. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ಅವಳ ಒಂದು ಹೆಜ್ಜೆಗೆ ನನ್ನದು ಎರಡು. ಓಡಿ ಓಡಿ ಅವಳ ಚೀಲ ಹಿಡಿದುಕೊಳ್ಳುತ್ತಿದ್ದೆ. ಕನಸಿನಲ್ಲಿ ಅವಳ ಕಾಲು ಇನ್ನೂ ಉದ್ದವಾಗಿತ್ತು, ಬೆಟ್ಟದ ಮೇಲಿನ ಬಯಲನ್ನು ಒಂದೇ ಹೆಜ್ಜೆಗೆ ದಾಟುತ್ತಿದ್ದಳು. ಅವಳು ಕಾಲಿಟ್ಟಲ್ಲೆಲ್ಲ ಹೂವು ಗುಂಡಗೆ ಅರಳಿಕೊಳ್ಳುತ್ತಿತ್ತು, ಹೂವಿನ ಎಸಳು ಎಣಿಸಿದರೆ ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಹತ್ತು. "ನಿಧಾನ ನಡಿಯೇ" ಎಂದು ಕೂಗಿದೆ. "ನೀನೇ ಸಣ್ಣ ಹೆಜ್ಜೆ ಇಡು, ಜಾಸ್ತಿ ಸಲ ಇಡು" ಎಂದಳು. ಎದ್ದಾಗ ಕಾಲು ನೋಯುತ್ತಿತ್ತು, ನಿಜಕ್ಕೂ.

ಇವರು ಈಚೆಗೆ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ. ಊಟ ಬಡಿಸುವಾಗ ನೋಡಿದರೆ ಮುಖ ಕಿಟಕಿಯ ಕಡೆ, ಕಣ್ಣು ನನ್ನ ಕಡೆ. ನನ್ನನ್ನು ನೋಡಲು ಬಂದ ದಿನ ಹೀಗೇ ನೋಡಿದ್ದರು, ಅಕ್ಕ ಒಳಗೆ ಹೋಗಿ ನಕ್ಕಿದ್ದಳು.

ಮಾರ್ಚ್ 13, ಗುರುವಾರ

ಬೆಳಗ್ಗೆ ಅನ್ನಕ್ಕಿಟ್ಟು ಕೂತಾಗ ಒಂದು ಯೋಚನೆ ಬಂತು. ಹಲ್ಲು ಡಾಕ್ಟರ ಲೆಕ್ಕ ಟೈರಿನ ಮೇಲೆ ಬರೆದ ಅಳತೆಯದು. ಗಾಳಿ ಬಿರುಸಾಗಿ ತುಂಬಿ, ಖಾಲಿ ನಿಂತ ಟೈರಿನ ಅಳತೆ. ನಾವು ಬೆಟ್ಟಕ್ಕೆ ಹಾಗೆ ಹೋಗುವುದೇ ಇಲ್ಲವಲ್ಲ. ಪೆಟ್ಟಿಗೆ ಹೇರಿದಾಗ ಟೈರಿನ ಗಾಳಿ ಇಳಿಸುತ್ತೇವೆ, ಮೆತ್ತಗೆ ಉರುಳಲಿ, ಒಳಗಿನ ಮೇಣದ ಎರಿ ಅಲುಗಿ ಮುರಿಯದಿರಲಿ ಎಂದು. ಇಷ್ಟು ವರ್ಷದ ರೂಢಿ ಇದು. ಎಷ್ಟು ರೂಢಿಯೆಂದರೆ ಅದನ್ನು ಡಾಕ್ಟರಿಗೆ ಹೇಳಬೇಕೆಂದೇ ಇಬ್ಬರಿಗೂ ಹೊಳೆಯಲಿಲ್ಲ.

ಇವರಿಗೆ ಹೇಳಿದೆ. "ಹೌದಲ್ಲ" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹೌದಲ್ಲೇ" ಎಂದರು.

ಖಾಲಿ ಪೆಟ್ಟಿಗೆಗಳಲ್ಲಿ ಮರಳು ತುಂಬಿ ಹಿಂದೆ ಹೇರಿದೆವು. ಗಾಳಿ ಇಳಿಸಿದೆವು. ಟೈರಿನ ತಳಕ್ಕೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿ, ನೆಲದ ಮೇಲೂ ಗುರುತು ಹಾಕಿದೆ. ಒಬ್ಬರು ಗಾಡಿಯನ್ನು ಆಮೆಯ ಹಾಗೆ ನಡೆಸಬೇಕು, ಒಬ್ಬರು ಬಟ್ಟೆ ಸುತ್ತು ಮುಗಿಸಿ ನೆಲ ಮುಟ್ಟಿದಾಗ ಕೂಗಬೇಕು. ಬಟ್ಟೆ ನೋಡುತ್ತೇನೆಂದು ಇವರು ಬಗ್ಗಿ ನಿಂತರು. ಒಂದು ಸಲ ಬಟ್ಟೆ ನೆಲ ಮುಟ್ಟಿ ದಾಟಿ ಹೋದ ಮೇಲೆ "ಹಾಂ" ಅಂದರು. ಇನ್ನೊಂದು ಸಲ ಮುಟ್ಟುವ ಮೊದಲೇ. ಕೊನೆಗೆ ನಾದಿನಿ ಬಂದು, "ಅಣ್ಣ, ನೀನು ಕೂಗೋಕೆ ಲಾಯಕ್ಕಿಲ್ಲ, ಸರಿ. ನಾನು ನೋಡ್ತೀನಿ. ಅತ್ತಿಗೆ, ನಡೆಸಿ ಗಾಡೀನ" ಎಂದಳು. ಇವರು ಟೈರಿನ ಪಕ್ಕ ಕೈಯಿಟ್ಟುಕೊಂಡು ಜೊತೆಗೆ ನಡೆದು ಬಂದರು, ಹಸುವಿನ ಪಕ್ಕ ನಡೆದ ಹಾಗೆ.

ಪೆಟ್ಟಿಗೆ ಕಟ್ಟುವ ಹಗ್ಗದಿಂದಲೇ ಗುರುತಿನಿಂದ ಗುರುತಿಗೆ ಅಳೆದು ಗಂಟು ಹಾಕಿದೆ. ಗಾಳಿ ತುಂಬಿದ ಖಾಲಿ ಗಾಡಿಯದು ಒಂದು ಗಂಟು, ಮೆತ್ತಗಿನ ತುಂಬಿದ ಗಾಡಿಯದು ಇನ್ನೊಂದು. ಎರಡು ಗಂಟುಗಳ ನಡುವೆ ನನ್ನ ನಾಲ್ಕು ಬೆರಳು. ಸಂಜೆ ಆ ಹಗ್ಗವನ್ನು ಗೂಟಕ್ಕೆ ನೇತುಹಾಕಿ ನೋಡುತ್ತ ಕೂತಿದ್ದೆ. ಬೆಟ್ಟದ ದಾರಿಯೇ ಸುತ್ತಿಕೊಂಡು ಗೋಡೆಗೆ ನೇತುಬಿದ್ದಂತೆ ಕಾಣುತ್ತಿತ್ತು.

ಮಾರ್ಚ್ 16, ಭಾನುವಾರ

ನಾನು ಹಿತ್ತಲಲ್ಲಿದ್ದೆ. ಗಾಡಿ ಶುರುವಾದ ಸದ್ದು ಕೇಳಿತು. ನೆರಳಿಗೆ ನಿಲ್ಲಿಸುತ್ತೇನೆಂದು ಇವರೇ ಹತ್ತಿದ್ದರಂತೆ. ಅಂಗಳದ ನಡುವೆ ಒಂದು ಪೆಟ್ಟಿಗೆ ಇತ್ತು, ಬಣ್ಣ ಬಳಿದು ಒಣಗಲಿಟ್ಟದ್ದು. ಅದರ ಮೇಲೇ ಹೋಯಿತು. ದೊಡ್ಡ ಟೈರು, ಅದಕ್ಕೆ ತಿಳಿಯಲೇ ಇಲ್ಲ. ಮೆಟ್ಟಿಲು ಹತ್ತಿ ಇಳಿದ ಹಾಗೆ ಹತ್ತಿ ಇಳಿಯಿತು.

ಇವರು ಇಳಿದು ಬಂದು ಮುರಿದ ಹಲಗೆಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು.

"ಖಾಲಿದು ತಾನೇ?"

"ಖಾಲಿದೇ."

"ಇಲ್ಲಿ ಇಟ್ಟಿದ್ದು ಯಾರು?"

"ನಾನೇ" ಎಂದೆ. ಇಟ್ಟದ್ದು ಇವರೇ. ಹೇಳಲಿಲ್ಲ.

ಮಾರ್ಚ್ 18, ಮಂಗಳವಾರ

ಹಗ್ಗ ತೆಗೆದುಕೊಂಡು ಹಲ್ಲು ಡಾಕ್ಟರ ಹತ್ತಿರ ಹೋದೆವು. ಗಾಡಿ ನಾನು ಓಡಿಸಿದೆ, ಇವರಿಗೆ ಮನಸ್ಸಿಲ್ಲ ಅಂದರು. ಡಾಕ್ಟರು ಹಗ್ಗದ ಗಂಟುಗಳನ್ನು ಟೇಪಿನಲ್ಲಿ ಅಳೆದು, ಸೀಮೆಸುಣ್ಣದಲ್ಲಿ ನೆಲದ ಮೇಲೇ ಲೆಕ್ಕ ಹಾಕಿ, "ಅಯ್ಯೋ, ಗಾಳಿ ಇಳಿಸ್ತೀರಿ ಅಂತ ನನಗೇನು ಕನಸು ಬೀಳುತ್ತಾ?" ಎಂದು ತಲೆ ಕೆರೆದುಕೊಂಡರು. ಹೊಸ ಲೆಕ್ಕ ಹತ್ತರ ಕಡೆಗೆ ವಾಲಿತ್ತು. ಆದರೂ ಪೂರ್ತಿ ಹತ್ತಕ್ಕೆ ಬಂದು ನಿಂತಿರಲಿಲ್ಲ.

ಬೆಂಚಿನ ಮೇಲೆ ಎರಡು ಜೊತೆ ಇಟ್ಟಿದ್ದರು, ಎಣ್ಣೆ ಕಾಗದದಲ್ಲಿ ಸುತ್ತಿ. ಜೊತೆಯಲ್ಲೇ ಬರುತ್ತವಂತೆ ಇವು, ದೊಡ್ಡದೂ ಚಿಕ್ಕದೂ. ಒಂದು ಹಳೆಯದು ಒಂದು ಹೊಸದು ಹಾಕಿದರೆ ಜಗಳ, ಕೂಗಾಟ. "ನಲವತ್ತೊಂದಕ್ಕೂ ಹತ್ತಕ್ಕೂ ಲೆಕ್ಕ ಕೂಡೋದಿಲ್ಲ ನೋಡಿ. ಅದಕ್ಕೇ ಇದರ ಒಂದೊಂದು ಹಲ್ಲೂ ಅದರ ಎಲ್ಲಾ ಹಲ್ಲನ್ನೂ ಸರದಿ ಮೇಲೆ ಕಚ್ಚಿ ಬರುತ್ತೆ. ಎಲ್ಲಾ ಸಮ ಸವೀತವೆ. ಒಂದಕ್ಕೇ ನೋವಿಲ್ಲ."

"ಹಾಗಾದ್ರೆ ಯಾವುದು?" ಎಂದು ಇವರು ಕೇಳಿದರು.

"ಇನ್ನು ಲೆಕ್ಕ ಹೇಳೋದಿಲ್ಲ. ಓಡಿಸೋರು ಹೇಳಬೇಕು. ಒಂದೇ ಗೇರಲ್ಲಿ ಹಿಡಿದು ದಬ್ಬೋರಿಗೆ ಒಂಬತ್ತು. ಎಂಜಿನ್ ಸದ್ದು ಕೇಳಿಕೊಂಡು, ಸುಸ್ತಾಗೋ ಮೊದಲೇ ಗೇರು ಇಳಿಸೋರಿಗೆ ಹತ್ತು. ಬೆಟ್ಟಕ್ಕೆ ಓಡಿಸೋರು ಯಾರು?"

ಹೊರಗೆ ಯಾರೋ ಕಬ್ಬಿಣ ತಟ್ಟುತ್ತಿದ್ದದ್ದು ಕೇಳುತ್ತಿತ್ತು. ಛಾವಣಿಯ ತೂತಿನಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ಮೆಲ್ಲಗೆ ಸುತ್ತುತ್ತಿತ್ತು, ತನಗೂ ಹಲ್ಲುಗಳಿದ್ದ ಹಾಗೆ.

ಇವರು ಒಂಬತ್ತರದ್ದನ್ನು ಒಂದು ಕೈಯಲ್ಲಿ, ಹತ್ತರದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿದರು. ಹೆಬ್ಬೆರಳಿನಿಂದ ಹಲ್ಲು ಸವರಿದರು. ಎರಡನ್ನೂ ಬೆಂಚಿನ ಮೇಲಿಟ್ಟರು. "ಇವಳನ್ನ ಕೇಳು" ಎಂದರು.

ಹತ್ತು ಎಂದೆ. ಬಯಲು ರಸ್ತೆಯಲ್ಲಿ ಎಂಜಿನ್ನು ಕೂಗುತ್ತಿದ್ದರೆ ಹುಳುಗಳಿಗೆ ಗಾಬರಿ ಎಂದು ಕಾರಣ ಹೇಳಿದೆ. ನಿಜವೂ ಹೌದು. ಆದರೆ ನನ್ನನ್ನು ಯಾಕೆ ಕೇಳಬೇಕಿತ್ತೋ. ಗ್ಯಾರೇಜಿನ ಸೆಕೆಗೆ ಇವರಿಗೆ ಆಯಾಸವಾಗಿತ್ತು ಅನ್ನಿಸುತ್ತದೆ.

ನಾದಿನಿಯ ಕಾರಿನಲ್ಲಿ ಮನೆಗೆ ಬಂದೆವು. ಅವಳಿಗೆ ಎಲ್ಲ ಹೇಳಿದೆ, ಜೊತೆಯಲ್ಲೇ ಹಾಕಬೇಕು, ಹಳೆಯದಕ್ಕೆ ಹಳೆಯದೇ ಆಗಬೇಕು ಅಂದದ್ದನ್ನೂ. "ನಮ್ಮಣ್ಣ ಅತ್ತಿಗೆ ವಿಷಯ ಅವರಿಗೆ ಯಾರು ಹೇಳಿದ್ರು?" ಎಂದಳು.

ಮಾರ್ಚ್ 24, ಸೋಮವಾರ

ಗಾಡಿ ಬಂತು. ಸಂತೆ ಮಾಳದ ಹಿಂದಿನ ಏರನ್ನು ಎರಡನೆಯ ಗೇರಿನಲ್ಲಿ ಗುನುಗಿಕೊಂಡು ಹತ್ತಿತು.

ಆದರೆ ಈಗಲೇ ಭಾರ ಹೇರುವಂತಿಲ್ಲ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಒಂದು ವಾರ ಖಾಲಿ ಗಾಡಿಯನ್ನು ಮೆತ್ತಗೆ ಓಡಿಸಬೇಕು, ನಡುನಡುವೆ ನಿಲ್ಲಿಸಿ ಡಬ್ಬಿ ತಣಿಯಲು ಬಿಡಬೇಕು. ಅವಸರ ಮಾಡಿದರೆ ಎಣ್ಣೆ ಕಾದು ಹಲ್ಲು ಹಾಳು. ಹಲ್ಲು ಡಾಕ್ಟರು ಇದನ್ನು ನನಗೇ ಎರಡು ಸಲ ಹೇಳಿದರು. ಇವರಿಗೆ ಹೇಳಿ ಎಂದರೆ, "ನಿಮಗೆ ಹೇಳಿದ್ರೆ ಸಾಕು" ಅಂದರು. ಹಳೆಯ ಹಲ್ಲುಚಕ್ರಗಳನ್ನೂ ಕೊಟ್ಟರು. ಜೇನುಪೆಟ್ಟಿಗೆಗಳ ಮುಚ್ಚಳ ಗಾಳಿಗೆ ಹಾರದ ಹಾಗೆ ಅವುಗಳ ಮೇಲೆ ಇಟ್ಟಿದ್ದೇನೆ.

ಒಂದು ವಾರ. ಬೆಟ್ಟದ ಮೇಲೆ ಕುರಿ ಕಾಯುವವನು ಫೋನು ಮಾಡಿದ್ದ, ಮೊಗ್ಗು ಕಟ್ಟಿದೆಯಂತೆ.

ಮಾರ್ಚ್ 26, ಬುಧವಾರ

ಇವತ್ತು ಎಲ್ಲಿಗೆಂದಿಲ್ಲದೆ ಸುಮ್ಮನೆ ಹೋದೆವು. ಇಷ್ಟು ವರ್ಷದಲ್ಲಿ ಇದೇ ಮೊದಲು. ಯಾವಾಗಲೂ ಪೆಟ್ಟಿಗೆ, ಡಬ್ಬ, ಸಂತೆ, ಹೊತ್ತು ಮೀರಿತು ಎಂಬ ಗಡಿಬಿಡಿ. ಇವತ್ತು ಖಾಲಿ ಗಾಡಿ, ಖಾಲಿ ರಸ್ತೆ. ಹಲ್ಲು ಹೊಂದಿಕೊಳ್ಳುವುದೇ ಕೆಲಸ.

ಇವರು ಎಡಗಡೆ ಕೂತು ಕಿವಿ ಕೊಟ್ಟಿದ್ದರು. "ಈಗ... ಈಗ ಇಳಿಸು" ಅನ್ನುತ್ತಾರೆ. ನಾನು ಗೇರು ಇಳಿಸುತ್ತೇನೆ. "ಕೇಳಿದ್ಯಾ? ನರಳೋ ಮೊದಲು ಒಂದು ಸಲ ಉಸಿರು ತಗೊಳ್ಳುತ್ತೆ. ಅದು ಕೇಳಿದ ತಕ್ಷಣ ಇಳಿಸಬೇಕು." ಮೊದಲು ನನಗೆ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೇಳಿತು. ಹುಳುಗಳು ಗುಂಪು ಕಟ್ಟಿ ಹಾರುವ ಮೊದಲು ಪೆಟ್ಟಿಗೆಯೊಳಗೆ ಒಂದು ಕ್ಷಣ ಸದ್ದು ತಗ್ಗುತ್ತದಲ್ಲ, ಅಂಥದ್ದು.

ಕೆರೆಯ ಏರಿಯ ಮೇಲೆ ನಿಲ್ಲಿಸಿ ಡಬ್ಬಿ ತಣಿಯಲು ಬಿಟ್ಟು ಕೂತೆವು. ಗಾಡಿಯ ಕೆಳಗಿಂದ ಟಿಕ್ ಟಿಕ್ ಎಂದು ಬಿಸಿ ಕಬ್ಬಿಣ ಕುಗ್ಗುವ ಸದ್ದು.

"ಏನು ಕಾಣುತ್ತೆ?" ಎಂದು ಕೇಳಿದರು.

"ನೀರು" ಎಂದೆ.

"ನೀರು ನನಗೂ ಕಾಣುತ್ತೆ. ನೀರಿನ ಮಧ್ಯೆ?"

ಮಧ್ಯೆ ಒಂದು ಬಿಳಿಯ ಹಕ್ಕಿ ಒಂಟಿಕಾಲಿನಲ್ಲಿ ನಿಂತಿತ್ತು. ಅದರ ನೆರಳೂ ತಲೆಕೆಳಗಾಗಿ ಒಂಟಿಕಾಲಿನಲ್ಲಿ ನಿಂತಿತ್ತು. ಗಾಳಿ ಬಂದಾಗ ಕೆಳಗಿನ ಹಕ್ಕಿ ನಡುಗುತ್ತಿತ್ತು, ಮೇಲಿನದಕ್ಕೆ ಏನೂ ಆಗುತ್ತಿರಲಿಲ್ಲ. ಆಚೆ ದಡದಲ್ಲಿ ಒಬ್ಬಳು ನೀಲಿ ಚಾದರ ಹಿಂಡುತ್ತಿದ್ದಳು, ಹಿಂಡಿದಷ್ಟೂ ನೀಲಿ ಗಾಢವಾಗುತ್ತಿತ್ತು. ಎಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ಇನ್ನಷ್ಟು ಕಾಣಿಸುತ್ತ ಹೋಯಿತು. ಈ ಕೆರೆಯನ್ನು ನೂರು ಸಲ ದಾಟಿದ್ದೇನೆ, ಅಷ್ಟೊಂದು ಇದೆಯೆಂದು ಗೊತ್ತೇ ಇರಲಿಲ್ಲ.

ಹೊರಡುವಾಗ ಇವರು, "ಹಕ್ಕಿ ಇನ್ನೂ ಇದೆಯಾ?" ಎಂದರು. ಇದೆ ಎಂದೆ. ಹಾರಿಹೋಗಿತ್ತು. ಇನ್ನು ಹಾಗೆ ಹೇಳಬಾರದು ಅಂದುಕೊಂಡೆ, ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು.

ಮನೆಗೆ ಬಂದು ಸೀಟು ಹಿಂದಕ್ಕೆ ಸರಿಸಿದೆ.

ಮಾರ್ಚ್ 29, ಶನಿವಾರ

ಮೀಟರು ಸರಿ ಹೇಳುತ್ತದೋ ಇಲ್ಲವೋ ನೋಡಲು ನಾದಿನಿ ಕಾರಿನಲ್ಲಿ ಪಕ್ಕ ಬಂದಳು. ದೊಡ್ಡ ಟೈರು ಹಾಕಿದಾಗಿನಿಂದ ಗಾಡಿಯ ಮೀಟರು ನಾವು ಹೋಗುವುದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಕಿಟಕಿ ಇಳಿಸಿ, "ನಂದು ನಲವತ್ತು ಅತ್ತಿಗೆ, ನಿಮ್ದು?" ಎಂದು ಕೂಗಿದಳು.

"ನಲವತ್ತೇ."

"ಹಾಗಾದ್ರೆ ಇಬ್ಬರಲ್ಲಿ ಒಬ್ಬರ ಮೀಟರೂ ಸುಳ್ಳು ಹೇಳ್ತಿಲ್ಲ. ಅಥವಾ ಎರಡೂ ಸೇರಿಕೊಂಡು ಹೇಳ್ತಿವೆ" ಎಂದು ನಕ್ಕು ಮುಂದೆ ಹೋದಳು.

ಇವರು ಇವತ್ತು ಗೇರು ಇಳಿಸು ಎಂದು ಮೂರು ನಾಲ್ಕು ಸಲ ಮಾತ್ರ ಹೇಳಿದರು. ನಾನು ಇಳಿಸಿದ ಮೇಲೆ ಹೇಳಿದರು. ಆಮೇಲೆ ಹೇಳಲಿಲ್ಲ.

ಕುರಿಯವನ ಫೋನು ಮತ್ತೆ. ಕೆಳಗಿನ ಅಂಚಿನಲ್ಲಿ ಅರಳಲು ಶುರುವಾಗಿದೆ.

ಮಾರ್ಚ್ 31, ಸೋಮವಾರ

ಸಂಜೆ ಹುಳುಗಳೆಲ್ಲ ಮನೆಗೆ ಬಂದ ಮೇಲೆ ಬಾಗಿಲು ಮುಚ್ಚಿ, ಪೆಟ್ಟಿಗೆ ಹೇರಿ ಕಟ್ಟಿದೆವು. ಗಂಟು ಹಾಕುವುದು ಇವರೇ. ಇವರ ಬೆರಳಿಗೆ ಕಣ್ಣು ಬೇಕಿಲ್ಲ. ಆ ಗಂಟುಗಳಿದ್ದ ಹಗ್ಗವನ್ನೂ ಕಟ್ಟಿದ್ದಾರೆ. ಟೈರಿನ ಗಾಳಿ ಇಳಿಸಿದೆ.

ಆಮೇಲೆ ಒಂದು ಮಾತಾಯಿತು. "ಬೆಟ್ಟಕ್ಕೆ ನಾನು ಓಡಿಸ್ತೀನಿ" ಎಂದರು. "ಆ ದಾರಿ ನನಗೆ ಬಾಯಿಪಾಠ."

ನಾನು ಹಗ್ಗ ಸುತ್ತುತ್ತಿದ್ದೆ. "ದಾರಿ ಬಾಯಿಪಾಠ ರೀ" ಎಂದೆ. "ದಾರಿ ಮೇಲಿರೋದು?"

ಪೆಟ್ಟಿಗೆಗಳೊಳಗಿನ ಗುಂಯ್ ಎಂಬ ಸದ್ದು ಗಾಡಿಯ ತಗಡಿನಲ್ಲೂ ಮೆಲ್ಲಗೆ ಹರಿದಾಡುತ್ತಿತ್ತು, ಅಂಗೈ ಇಟ್ಟರೆ ಬೆರಳ ತುದಿಗೆ ಬರುತ್ತಿತ್ತು. ಇವರು ಕೈ ಇಟ್ಟುಕೊಂಡು ನಿಂತಿದ್ದರು.

"ಆ ದಿನ ಹುಲ್ಲು ಇರಲಿಲ್ಲ" ಎಂದರು ಕೊನೆಗೆ. "ಕಲ್ಲಿನ ಹತ್ತಿರ."

"ಗೊತ್ತು" ಎಂದೆ. ನನಗೆ ಗೊತ್ತಿತ್ತೇ? ಹೇಳುವ ತನಕ ಗೊತ್ತಿರಲಿಲ್ಲ, ಹೇಳಿದ ಮೇಲೆ ಗೊತ್ತಿತ್ತು ಅನ್ನಿಸಿತು.

ನಾಳೆ ಬೆಳಕು ಹರಿಯುವಾಗ ಹೊರಡಬೇಕು. ಯಾರು ಓಡಿಸುವುದೆಂದು ಮಾತು ಮುಗಿಯಲಿಲ್ಲ.

ಏಪ್ರಿಲ್ 1, ಮಂಗಳವಾರ

ಸಂಜೆ. ಬೆನ್ನು ನೋಯುತ್ತಿದೆ, ಆದರೂ ಬರೆಯದೆ ಮಲಗಲಾರೆ.

ಬೆಳಗ್ಗೆ ನಾನು ಚಹಾದ ಫ್ಲಾಸ್ಕು ಹಿಡಿದು ಹೊರಗೆ ಬಂದಾಗ ಇವರು ಚಾಲಕನ ಬಾಗಿಲಿನ ಹತ್ತಿರ ನಿಂತಿದ್ದರು. ಬಾಗಿಲು ತೆಗೆದರು. ಒಳಗೆ ಬಗ್ಗಿ ಸೀಟಿನ ಕೆಳಗಿನ ಕೊಂಡಿ ತಡಕಿ ಹಿಡಿದು ಸೀಟನ್ನು ಮುಂದಕ್ಕೆ ಎಳೆದರು. "ಇಷ್ಟು ಸಾಕಾ?" ಎಂದರು. ಇನ್ನೊಂದು ಸ್ವಲ್ಪ ಎಂದೆ. ಇನ್ನೊಂದು ಸ್ವಲ್ಪ ಎಳೆದರು. ಆಮೇಲೆ ಬಾನೆಟ್ಟಿನ ಮೇಲೆ ಕೈಯೂರಿಕೊಂಡು ಸುತ್ತಿ ಬಂದು ಆಚೆ ಬಾಗಿಲಿನಿಂದ ಹತ್ತಿದರು.

ಬಯಲು ರಸ್ತೆಯಲ್ಲಿ ಗಾಡಿ ತನ್ನಷ್ಟಕ್ಕೆ ಹಾಡಿಕೊಂಡು ಹೋಯಿತು. ಹಿಂದಿನಿಂದ ಹುಳುಗಳ ಸದ್ದು, ಮುಂದಿನಿಂದ ಎಂಜಿನ್ನಿನ ಸದ್ದು, ಯಾವುದು ಯಾವುದೆಂದು ಬಿಡಿಸಲಾಗದ ಹಾಗೆ ಒಂದಾಗಿದ್ದವು. ಮಂಜು ನೆಲದ ಮೇಲೆ ಮೊಣಕಾಲೆತ್ತರಕ್ಕೆ ಹರಡಿತ್ತು. ದೊಡ್ಡ ಟೈರಿನ ಮೇಲೆ ಕೂತ ನಮಗೆ ಕೆಳಗೆ ರಸ್ತೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ನನಗೆ ಕಂಡದ್ದನ್ನು ಹೇಳುತ್ತ ಹೋದೆ. ಮಂಜಿನಿಂದ ತಲೆ ಮಾತ್ರ ಹೊರಗಿಟ್ಟ ಬೇಲಿಗೂಟಗಳು. ಒಂದು ಗೂಟದ ಮೇಲೆ ಯಾರೋ ಮರೆತ ಕೈಗವಸು, ಹೋಗಿಬನ್ನಿ ಅನ್ನುವ ಹಾಗೆ. ಮುಂದೆ ಬೆಟ್ಟ, ಇನ್ನೂ ಬೂದಿ ಬಣ್ಣ, ನೆತ್ತಿಗೆ ಮಾತ್ರ ಬಿಸಿಲು.

ಏರು ಶುರುವಾಯಿತು. ಉಸಿರು ತೆಗೆದುಕೊಳ್ಳುವ ಸದ್ದು ಕೇಳಿತು, ಮೂರರಿಂದ ಎರಡಕ್ಕೆ ಇಳಿಸಿದೆ. ಹತ್ತು ಹಲ್ಲು ನಲವತ್ತೊಂದು ಹಲ್ಲನ್ನು ಒಂದೊಂದಾಗಿ ಕಚ್ಚಿ ಬಿಡುತ್ತ ಮೇಲೇರುತ್ತಿರುವುದು ಪಾದಕ್ಕೆ ತಿಳಿಯುತ್ತಿತ್ತು. ಸಣ್ಣ ಹೆಜ್ಜೆ, ಜಾಸ್ತಿ ಸಲ. ಆ ಕಲ್ಲು ಬಂತು. ಅದೇ ಕಲ್ಲು, ನಟ್ಟನಡುವೆ, ಬೋಳಾಗಿ. "ಬಂತು" ಎಂದೆ. "ಎಡಕ್ಕೆ ಹಿಡಿ" ಎಂದರು. ಬಲಕ್ಕೆ ಜಾಗ ಚೆನ್ನಾಗಿತ್ತು, ಬಲಕ್ಕೆ ಹಿಡಿದೆ. ಟೈರು ಅದರ ಪಕ್ಕದಲ್ಲಿ ಸವರಿಕೊಂಡು ಹೋಯಿತು.

ಸ್ವಲ್ಪ ಮೇಲೆ ಹೋದ ಮೇಲೆ, "ಒಂದು ವಿಷಯ ಗೊತ್ತಾ?" ಎಂದರು.

"ಏನು?"

"ಇಲ್ಲಿ ಕೂತು ನೆಟ್ಟಗೆ ಮುಂದೆ ನೋಡಿದ್ರೆ ರಸ್ತೆ ಕಾಣೋದಿಲ್ಲ. ನೀನು ಕಾಣ್ತೀಯ. ಈ ಅಂಚಲ್ಲಿ, ಪೂರ್ತಿ. ಮೂಗುಬೊಟ್ಟಿನ ತನಕ."

"ರಸ್ತೆ ನೋಡೋಕೆ ನಾನಿದ್ದೀನಿ, ಸುಮ್ನೆ ಕೂತ್ಕೊಳ್ಳಿ" ಎಂದೆ. ಇನ್ನೇನು ಹೇಳುವುದು, ತಿರುವು ಬಂದಿತ್ತು.

ತಿರುವು ಮುಗಿದ ಮೇಲೆ ಏನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ನಿದ್ದೆ. ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಕೈ ತೊಡೆಯ ಮೇಲೆ ಅಂಗಾತ. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಇವರು ಕಣ್ಣು ಮುಚ್ಚಿದ್ದನ್ನು ನಾನು ಈವರೆಗೆ ಕಂಡಿಲ್ಲ. ಬಸ್ಸಿನಲ್ಲಿ ಕೂಡ ಕಾಲಿನಿಂದ ಬ್ರೇಕು ಒತ್ತುತ್ತ ಕೂರುವ ಮನುಷ್ಯ.

ಮೇಲೆ ಹೋಗಿ ನಿಲ್ಲಿಸಿದೆ. ಬಯಲೆಲ್ಲ ಬಿಳಿ. ಒಂದೊಂದು ಗಾಳಿಗೂ ಅಷ್ಟಷ್ಟು ಬಿಳಿ ಎದ್ದು ಮತ್ತೆ ಕೂರುತ್ತಿತ್ತು. ಎಬ್ಬಿಸಿ ತೋರಿಸೋಣ ಅನ್ನಿಸಿತು. ಎಂಜಿನ್ನು ಆರಿಸಿದರೆ ಎಚ್ಚರವಾದೀತೆಂದು ಆರಿಸದೆ ಹಾಗೇ ಕೂತಿದ್ದೆ. ಹುಳುಗಳು ಹಿಂದಿನಿಂದ ಗುನುಗುತ್ತಲೇ ಇದ್ದವು. ಎದ್ದ ಮೇಲೆ ಹೇಳಿದರಾಯಿತು ಎಂದು, ಏನೇನು ಹೇಳಬೇಕೆಂದು ನೋಡಿ ನೋಡಿ ಇಟ್ಟುಕೊಂಡೆ.

ಪೆಟ್ಟಿಗೆಗಳನ್ನೆಲ್ಲ ಇಳಿಸಿ ಬಾಗಿಲು ತೆಗೆದು ಬಂದೆವು. ಎಲ್ಲವೂ ಸರಿಯಾಗಿವೆ, ಒಂದು ಎರಿಯೂ ಮುರಿದಿಲ್ಲ. ಬರುವ ವಾರ ಮತ್ತೆ ಹೋಗಿ ನೋಡಬೇಕು. ಟೈರಿಗೆ ಗಾಳಿ ತುಂಬಿಸಬೇಕು. ಹಲ್ಲು ಡಾಕ್ಟರು ಡಬ್ಬಿಯ ಎಣ್ಣೆ ಬದಲಾಯಿಸಲು ಕರೆದಿದ್ದಾರೆ, ನಾಳೆಯೇ ಹೋಗಬೇಕು.

ಸೀಟು ಹಿಂದಕ್ಕೆ ಸರಿಸಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಇರಲಿ, ಬೆಳಗ್ಗೆ ಹೇಗೂ ಹತ್ತಬೇಕಲ್ಲ.